ವೈರು ಕಳಚಿದ ಮೆಕ್ಯಾನಿಕ್

ಶಂಕರಪುರಂನ ಆ ಮೆಕ್ಯಾನಿಕ್ ಯಾವ ಗಾಡಿ ಬಂದರೂ ಮೊದಲು ಟ್ಯಾಂಕಿನ ಮೇಲೆ ಅಂಗೈಯಿಟ್ಟು, "ಓಡಿಸೋರು ಹೇಳೋದು ಅರ್ಧ ನಿಜ" ಎನ್ನುತ್ತಿದ್ದರು. ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದಾದ ಕ್ವಿಕ್‌ಶಿಫ್ಟರನ್ನು ನನ್ನ ಬೈಕಿಗೆ ಕೂರಿಸಿಕೊಟ್ಟವರೂ ಅವರೇ. ಒಂದು ಬೆಳಿಗ್ಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಅವರ ಅಂಗಡಿಗೆ ಹೋದೆ. ಅಪ್ಪ ಸೊಂಟ ಹಿಡಿದುಕೊಂಡು ಇಳಿದದ್ದನ್ನು ನೋಡಿ ಮೆಕ್ಯಾನಿಕ್, ನನ್ನನ್ನು ಒಂದು ಮಾತೂ ಕೇಳದೆ ಕ್ವಿಕ್‌ಶಿಫ್ಟರಿನ ವೈರು ಕಳಚಿದರು.

"ಚೆನ್ನಾಗೇ ಇತ್ತಲ್ಲ" ಎಂದೆ, ಸಿಟ್ಟಿನಿಂದ.

"ನಿಮಗೆ ಚೆನ್ನಾಗಿತ್ತು. ಹಿಂದೆ ಕೂತೋರಿಗೆ ಪ್ರತಿ ಗೇರಿಗೂ ಜರ್ಕ್ ಹೊಡಿಯತ್ತೆ. ಯಜಮಾನ್ರು ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ಕ್ಲಚ್ ಹಿಡಿದೇ ಹೋಗಿ."

ಮರಳುವಾಗ ಮೆಲ್ಲಗೆ ಕ್ಲಚ್ ಹಿಡಿಯುತ್ತ ಓಡಿಸಿದೆ. ಗಾಂಧಿಬಜಾರ್ ಬರುವಷ್ಟರಲ್ಲಿ ಅಪ್ಪ ನನ್ನ ಭುಜದ ಮೇಲಿನ ಬಿಗಿಹಿಡಿತ ಸಡಿಲಿಸಿ, ತಮ್ಮ ಮೊದಲ ಸೈಕಲ್ಲಿನ ಕಥೆ ಹೇಳತೊಡಗಿದ್ದರು.