ಚಾ ಬೇಡ ಎಂದ ಕಾಮ್ರೇಡ್

ಯೂನಿಯನ್ ನಾಯಕರನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ. ಮಾಲಕರನ್ನು ನಂಬುವ ಪ್ರಶ್ನೆಯಂತೂ ಇರಲೇ ಇಲ್ಲ. ಬೋಳಾರದ ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಲೆಯ ಮೇಲೆ ಹಸಿ ಹಂಚು ಹೊತ್ತವಳಿಗೆ ಆ ಬುದ್ಧಿ ಬಾರದೆ ಇದ್ದೀತೇ? ಮೇಸ್ತ್ರಿ ಸುಮ್ಮನೆ ನಕ್ಕರೂ ಯಾಕೆ ನಕ್ಕ ಎಂದು ನಾನು ಮನೆಗೆ ಬಂದು ಯೋಚಿಸುತ್ತಿದ್ದೆ. ಅತ್ತಿಗೆ ನನಗೆ 'ಪೊಲೀಸು' ಎಂದೇ ಹೆಸರಿಟ್ಟಿದ್ದಳು.

ಪ್ರೆಸ್ಸಿನಿಂದ ಹೊರಬಂದ ಹಂಚನ್ನು ಒಣಗಿಸುವ ಅಟ್ಟಕ್ಕೆ, ಒಣಗಿದ್ದನ್ನು ಭಟ್ಟಿಗೆ ಹೊರುವುದು ಹೆಂಗಸರ ಕೆಲಸ. ಅತ್ತಿಗೆ ಮತ್ತು ನಾನು ಒಂದೇ ಸಾಲಿನಲ್ಲಿ, ತಲೆಗೆ ಸಿಂಬಿ ಇಟ್ಟುಕೊಂಡು ನಡೆಯುತ್ತಿದ್ದೆವು. ಅಣ್ಣನಿಗೆ ಭಟ್ಟಿಗೆ ಬೆಂಕಿ ಹಾಕುವ ಕೆಲಸ. ಅವನು ಯೂನಿಯನ್ ಕಮಿಟಿಯಲ್ಲಿಯೂ ಇದ್ದ. ಮನೆಯ ಮೂವರೂ ಒಂದೇ ಗೇಟಿನೊಳಗೆ ಹೋಗಿ ಬರುತ್ತಿದ್ದೆವು.

ಯೂನಿಯನ್ನಿನ ಸೆಕ್ರೆಟರಿ ಆಗ ವಯಸ್ಸಾದ ಒಬ್ಬರು ಕಾಮ್ರೇಡ್. ಜಮೀನ್ದಾರರ ಗುತ್ತಿನ ಮನೆಯಲ್ಲಿ ಹುಟ್ಟಿದವರು. ಭೂಮಸೂದೆ ಬಂದಾಗ ತಮ್ಮ ಪಾಲಿನ ಗದ್ದೆಗಳಿಗೆ ಒಕ್ಕಲುಗಳಿಂದ ತಾವೇ ನಿಂತು ಹಕ್ಕಿನ ಡಿಕ್ಲರೇಶನ್ ಹಾಕಿಸಿ, ಗದ್ದೆ ಅವರಿಗೇ ಬಿಟ್ಟು, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರು. ಯಾರಾದರೂ 'ಧನಿ' ಎಂದರೆ ಸಿಡಿಮಿಡಿಗೊಳ್ಳುತ್ತಿದ್ದರು. ಹಾಗಿದ್ದೂ ಬೆನ್ನು ನೆಟ್ಟಗೆ ಮಾಡಿ ಕೂರುವ, ಪ್ರಶ್ನೆ ಹಿಡಿಸದಿದ್ದರೆ ಮುಖ ತಿರುಗಿಸುವ ಗತ್ತು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಯಾರಿಗೆ ವೋಟು ಎಂದು ಅವರು ಗೇಟ್ ಮೀಟಿಂಗಿನಲ್ಲಿ ಒಂದು ಮಾತು ಹೇಳಿದರೆ ನಮ್ಮ ಓಣಿಯ ವೋಟೆಲ್ಲ ಅಲ್ಲಿಗೇ ಬೀಳುತ್ತಿತ್ತು. ಇಷ್ಟು ಜನ ಒಬ್ಬನ ಮಾತು ಕೇಳುವುದು ಒಳ್ಳೆಯದಲ್ಲ ಎಂದು ನನಗೆ ಅನಿಸುತ್ತಿತ್ತು. ಹೇಳಿದರೆ ಅಣ್ಣ ಗದರುತ್ತಿದ್ದ.

ನಮ್ಮಲ್ಲಿ ಒಂದು ಕ್ರಮವಿತ್ತು. ಮಾತುಕತೆಗೆ ಹೋದ ನಾಯಕರು ಆಫೀಸಿನೊಳಗೆ ಮಾಲಕರ ಒಂದು ತೊಟ್ಟು ನೀರನ್ನೂ ಮುಟ್ಟಬಾರದು. ಎಷ್ಟು ಹೊತ್ತಾದರೂ ಒಣ ಬಾಯಿಯಲ್ಲಿ ಹೊರಗೆ ಬರಬೇಕು, ಗೇಟಿನೆದುರಿನ ಬ್ಯಾರಿ ಕಾಕನ ಹೋಟೆಲಿನಲ್ಲಿ ಎಲ್ಲರೆದುರು ಚಾ ಕುಡಿಯಬೇಕು. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ, ಯಾವ ನಿಯಮದಲ್ಲಿಯೂ ಇರಲಿಲ್ಲ. ಕಾಮ್ರೇಡರು ಬೆಂಚಿನಲ್ಲಿ ಕೂತು ಗ್ಲಾಸು ಬಾಯಿಗಿಟ್ಟ ಮೇಲೆಯೇ ಗಂಡಸರು ಸುತ್ತ ನೆರೆದು 'ಎಂತ ಆಯ್ತು?' ಎಂದು ಕೇಳುವುದು. ಹೆಂಗಸರು ಹೋಟೆಲಿಗೆ ಹತ್ತುವ ಪದ್ಧತಿ ಇರಲಿಲ್ಲ. ನಾವು ರಸ್ತೆಯ ಈಚೆ, ಕಾಂಪೌಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದೆವು.

ತುರ್ತುಪರಿಸ್ಥಿತಿ ಮುಗಿದ ಮೇಲೆ, ಕಾರ್ಖಾನೆಗೆ ಟ್ರಾಲಿ ಬರುತ್ತದೆ ಎಂಬ ಸುದ್ದಿ ಹಬ್ಬಿತು. ನೆಲಕ್ಕೆ ಹಳಿ ಹಾಕುತ್ತಾರಂತೆ, ಹಂಚು ತಾನೇ ಉರುಳಿಕೊಂಡು ಹೋಗುತ್ತದಂತೆ. ಹಾಗಾದರೆ ಹೊರುವ ನಾವು ಯಾಕೆ? ಅತ್ತಿಗೆ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಹೆದರಿಕೆಯೇ. ಅಣ್ಣನ ಒಬ್ಬನ ಸಂಬಳದಲ್ಲಿ ನಮ್ಮ ಮನೆ ನಡೆಯುವಂತಿರಲಿಲ್ಲ. ಕಾಮ್ರೇಡರು ಮ್ಯಾನೇಜರನ ಹತ್ತಿರ ಮಾತಾಡಲು ಹೋದದ್ದು ಆ ವಿಷಯಕ್ಕೇ.

ಅವರು ಒಬ್ಬರೇ ಒಳಗೆ ಹೋದರು. ಕಮಿಟಿಯವರನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ನಾನು ಆಗಲೇ ಅತ್ತಿಗೆಯ ಕಿವಿಯಲ್ಲಿ ಕೇಳಿದೆ. ಹೊರಗೆ ಬಂದಾಗ ಅವರ ಮುಖದಲ್ಲಿ ಸೋತ ಗುರುತು ಇರಲಿಲ್ಲ. ಕಾಕ ಎಂದಿನಂತೆ ಗ್ಲಾಸು ತೊಳೆದು ಚಾ ಹೊಯ್ದು ಮುಂದಿಟ್ಟ.

"ಬೇಡ ಕಾಕ. ಇವತ್ತು ಚಾ ಬೇಡ" ಎಂದರು ಕಾಮ್ರೇಡರು.

ಎಲ್ಲರೂ ಆ ಗ್ಲಾಸನ್ನೇ ನೋಡಿದರು. ಅವರು ಬೆಂಚಿನಲ್ಲಿ ಕೂತು, "ಹೆಂಗಸರ ವಿಷಯ ಉಂಟಲ್ಲ..." ಎಂದು ಶುರುಮಾಡುವಷ್ಟರಲ್ಲಿ ಪ್ರೆಸ್ಸಿನ ಕೆಲಸದವನೊಬ್ಬ ಎದ್ದು ನಿಂತ.

"ಕಾಮ್ರೇಡ್, ಅದು ಆಮೇಲೆ. ನೀವು ಒಳಗೆ ಚಾ ಕುಡಿದ್ರಾ?"

ಅವರು ಅವನನ್ನೇ ನೋಡಿದರು. ಮತ್ತೊಬ್ಬ, "ಕುಡಿದಿದ್ರೆ ಕುಡಿದೆ ಅಂತ ಹೇಳಿ ಮಾರಾಯ್ರೆ" ಎಂದ. ನನ್ನ ಅಣ್ಣ ನೆಲ ನೋಡುತ್ತ ಕೂತಿದ್ದ. ಕಾಮ್ರೇಡರು ಕೊಡೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮಂಗಳಾದೇವಿಯ ಕಡೆಗೆ ನಡೆದೇಬಿಟ್ಟರು. ನಮ್ಮ ಮುಂದೆಯೇ ಹೋದರು. ನಮ್ಮ ಕಡೆ ತಿರುಗಲಿಲ್ಲ.

ಆಮೇಲೆ ಬಾಯಿಗೆ ಬಂದದ್ದೆಲ್ಲ ಮಾತಾಯಿತು. ಬಜಪೆಯಲ್ಲಿ ಜಾಗ ಮಾಡಿದ್ದಾರಂತೆ. ಮಾಲಕರ ಮಗನೂ ಇವರೂ ಒಂದೇ ಶಾಲೆಯಂತೆ. ಎಷ್ಟಾದರೂ ಧನಿಗಳ ಮನೆಯವರು, ದೊಡ್ಡವರು ದೊಡ್ಡವರ ಜೊತೆಗೇ. ಯಾವುದಕ್ಕೂ ಸಾಕ್ಷಿ ಇರಲಿಲ್ಲ. ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಆ ತಿಂಗಳು ಇಡೀ ಕಾರ್ಖಾನೆಯೇ ನನ್ನನ್ನು ಹಿಂದೆ ಹಾಕಿತು. ಅವರು ಏನೋ ಹೇಳಲು ಹೊರಟಿದ್ದರಲ್ಲ, ಅದೇನೆಂದು ಕೇಳು ಎಂದು ಅಣ್ಣನಿಗೆ ಹೇಳಿದೆ. "ಇನ್ನು ಅವರ ಹತ್ರ ಎಂತ ಕೇಳ್ಲಿಕ್ಕುಂಟು?" ಎಂದ.

ಮಹಾಸಭೆಯಲ್ಲಿ ಕಾಮ್ರೇಡರನ್ನು ಇಳಿಸಿದರು. ಅವರು ಬಂದಿರಲೇ ಇಲ್ಲ. ಅವರ ಜಾಗಕ್ಕೆ ಬಂದವನು ಎಳೆ ವಯಸ್ಸಿನ ವಕೀಲ. ಒಳ್ಳೆಯ ಮಾತುಗಾರ, ಪುಸ್ತಕ ಓದಿದವನು. ಪಾರ್ಟಿ ಆಫೀಸಿನವರು ಅವನ ಪಕ್ಕ ಒತ್ತಿಕೊಂಡು ಕೂತದ್ದು ನೋಡಿ, ಇದು ಇಂದು ನಿನ್ನೆ ಆದ ತೀರ್ಮಾನ ಅಲ್ಲ ಎಂದು ನನಗೆ ಖಾತ್ರಿಯಾಯಿತು. ಕೈ ಎತ್ತಿ ಎಂದರು. ಎದುರಿನ ಸಾಲಿನ ಕೈಗಳನ್ನು ನೋಡಿ, "ಪಾಸ್" ಎಂದು ಚಪ್ಪಾಳೆ ತಟ್ಟಿದರು. ಹಿಂದೆ ಚಾಪೆಯಲ್ಲಿ ಕೂತ ನಮ್ಮ ಕಡೆ ಯಾರೂ ನೋಡಲಿಲ್ಲ. ನನ್ನ ಕೈ ಮಡಿಲಲ್ಲಿತ್ತು. ಅತ್ತಿಗೆ ಏನೋ ಕೇಳಲು ಎದ್ದವಳು ಚಪ್ಪಾಳೆಯ ಸದ್ದಿಗೆ ಮತ್ತೆ ಕೂತಳು.

ಹೊಸಬ ಒಳಗೆ ನೀರೂ ಮುಟ್ಟುತ್ತಿರಲಿಲ್ಲ. ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಸೊರ್ ಎಂದು ಚಾ ಹೀರುತ್ತಿದ್ದ. ಗಂಡಸರಿಗೆ ಬಹಳ ಸಂತೋಷ. ಸಂಬಳ ಹೆಚ್ಚು ಮಾಡಿಸಿದ, ಸುಳ್ಳು ಹೇಳಬಾರದು. ಅದೇ ಒಪ್ಪಂದದಲ್ಲಿ ಟ್ರಾಲಿಗೂ ಒಪ್ಪಿದ್ದ. ಹೊರುವ ಹೆಂಗಸರೆಲ್ಲ ಸ್ವಂತ ಇಚ್ಛೆಯಿಂದ ಬಿಡುತ್ತೇವೆಂದು ಹೆಬ್ಬೆಟ್ಟು ಒತ್ತಿ ಹೋಗಬೇಕಾಯಿತು. ನಾನು ಸಹಿ ಹಾಕಿದೆ, ನನಗೆ ಬರೆಯಲು ಬರುತ್ತಿತ್ತು. ಇಚ್ಛೆ ಯಾರದ್ದೆಂದು ಕೇಳಿದ್ದಕ್ಕೆ ವಕೀಲ, "ದೊಡ್ಡ ಹೋರಾಟದಲ್ಲಿ ಇದೆಲ್ಲ ಇರ್ತದೆ ಅಕ್ಕ" ಎಂದ. ಸಂಬಳ ಹೆಚ್ಚಾದವನು ನಮ್ಮ ಮನೆಯಲ್ಲಿ ಒಬ್ಬನೇ, ಅವನೂ ಆ ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.

ನಾವು ಬೀಡಿ ಕಟ್ಟತೊಡಗಿದೆವು. ವಕೀಲ ಮುಂದಿನ ಚುನಾವಣೆಗೆ ನಿಂತ. ಓಣಿಯ ವೋಟು ತನ್ನ ಕಿಸೆಯಲ್ಲಿದೆ ಎಂದುಕೊಂಡಿದ್ದಿರಬೇಕು. ಗಂಡಸರು ಕೆಂಪು ಬಾವುಟ ಕಟ್ಟಿ ಘೋಷಣೆ ಕೂಗಿದರು. ನಾವು ಹೆಂಗಸರು ತಲೆಯಾಡಿಸಿ ಹೋಗಿ ನಮಗೆ ಬೇಕಾದವರಿಗೆ ಹಾಕಿ ಬಂದೆವು. ವಕೀಲ ನಮ್ಮ ಓಣಿಯಲ್ಲೇ ಹಿಂದೆ ಬಿದ್ದ. ಯಾರು ಮೋಸ ಮಾಡಿದ್ದೆಂದು ಗಂಡಸರು ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದರು. ಮನೆಯೊಳಗೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಓಣಿಗೆ ಬೇರೆ ಬೇರೆ ಬಾವುಟಗಳು ಬಂದವು. ಒಟ್ಟಿಗೆ ವೋಟು ಹಾಕುವ ಕಾಲ ಅಲ್ಲಿಗೆ ಮುಗಿಯಿತು.

ಎಂಬತ್ತರ ದಶಕದ ಮಧ್ಯದಲ್ಲಿ ಒಂದು ದಿನ ಕಂಕನಾಡಿಯ ಬಸ್ ಸ್ಟಾಪಿನಲ್ಲಿ ಹಳೆಯ ಕಾಮ್ರೇಡರು ಸಿಕ್ಕಿದರು. ಆಸ್ಪತ್ರೆಗೆ ಬಂದಿದ್ದರಂತೆ. ಬೆನ್ನು ಈಗಲೂ ನೆಟ್ಟಗಿತ್ತು. ನನ್ನ ಗುರುತು ಹಿಡಿದು, "ಹಂಚು ಹೊರ್ತಿದ್ದವಳಲ್ವಾ ನೀನು?" ಎಂದರು. ನಾನು ಕುಶಲ ಕೇಳಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದನ್ನೇ ಕೇಳಿದೆ.

"ಅವತ್ತು ಒಳಗೆ ಚಾ ಕುಡಿದಿದ್ರಾ?"

"ಕುಡಿದೆ" ಎಂದರು, ಸ್ವಲ್ಪವೂ ತಡಮಾಡದೆ. "ಟ್ರಾಲಿ ಬಂದ್ರೂ ಹೆಂಗಸರನ್ನು ತೆಗೆಯುದಿಲ್ಲ, ಹಂಚು ವಿಂಗಡಿಸ್ಲಿಕ್ಕೆ ಹಾಕ್ತೇವೆ ಅಂತ ಮ್ಯಾನೇಜರ್ ಒಪ್ಪಿದ. ಕಷ್ಟದಲ್ಲಿ ಒಪ್ಪಿದ. ಒಪ್ಪಿದ ಮೇಲೆ ಚಾ ತರಿಸಿದ. ಬೇಡ ಅಂತ ಹೇಳಿ ಅವನ ಮನಸ್ಸು ಬದಲಿಸ್ಲಿಕ್ಕೆ ಉಂಟಾ? ಕುಡಿದೆ."

"ಹೊರಗೆ ಬಂದು ಇದನ್ನು ಹೇಳ್ಲಿಲ್ಲ ಯಾಕೆ ನೀವು?"

"ಎಲ್ಲ ಬಿಟ್ಟು ಬಂದವನ ಹತ್ರ ಆ ಪ್ರಶ್ನೆ ಕೇಳಿದ್ರಲ್ಲ ಮಾರಾಯ್ತಿ! ನಂಗೆ ಸಿಟ್ಟು ಬಂತು."

ಅವರು ಹೇಳಿದ್ದು ನಿಜವೋ, ಆಮೇಲೆ ಜೋಡಿಸಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮ್ಯಾನೇಜರು ಆಗಲೇ ಊರು ಬಿಟ್ಟಾಗಿತ್ತು, ಕಾರ್ಖಾನೆಗೂ ಬೀಗ ಬಿದ್ದಿತ್ತು. ಆದರೆ ಸಿಟ್ಟಿನ ಮಾತನ್ನು ನಂಬಿದೆ. ಅದು ನಿಜವೆಂದು ಅವರ ಮುಖವೇ ಹೇಳುತ್ತಿತ್ತು.

"ನಿಮಗೆ ಸಿಟ್ಟು ಬಂತು, ಹೋದಿರಿ" ಎಂದೆ. "ನಾವು ಅಲ್ಲೇ ಗೋಡೆ ಹತ್ರ ನಿಂತಿದ್ದೆವು ಕಾಮ್ರೇಡ್. ನಮ್ಮ ಕೆಲಸದ ವಿಷಯ. ನಾವು ಯಾರೂ ನಿಮ್ಮನ್ನು ಚಾ ಕುಡಿದ್ರಾ ಅಂತ ಕೇಳಿರ್ಲಿಲ್ಲ."

ಬೋಳಾರದ ಬಸ್ಸು ಬಂತು. ನಾನು ಹತ್ತಿದೆ. ಅವರೂ ಅದೇ ಬಸ್ಸಿಗೆ ಕಾದಿದ್ದವರು, ಹತ್ತಲಿಲ್ಲ.