ವಿಭೂತಿ ಹಚ್ಚಿಸಿಕೊಂಡ ಫ್ಲಾಪಿ

ಎಂಬತ್ತರ ದಶಕದ ಕೊನೆಯಲ್ಲಿ ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಕೆಲಸಕ್ಕಿದ್ದೆ. ಅದರ ಮಾಲೀಕರು ಒಂದು ಕಂಪ್ಯೂಟರ್ ತಂದು ಕೂರಿಸಿದ್ದರು. ಅದನ್ನು ಮುಟ್ಟುವವನು ನಾನೊಬ್ಬನೇ. ಮಾಲೀಕರಿಗೆ ಅದನ್ನು ಆನ್ ಮಾಡಲೂ ಬಾರದು, ಆದರೆ ಯಾವ ಎಡಿಟರ್ ಬಳಸಬೇಕೆಂದು ಅಪ್ಪಣೆ ಕೊಡುವವರು ಮಾತ್ರ ಅವರೇ.

ಎಡಿಟರ್ ಎಂದರೆ ಟೈಪು ಮಾಡಿದ್ದನ್ನು ತೆರೆಯ ಮೇಲೆ ತಿದ್ದಿ ಉಳಿಸಿಡುವ ಪ್ರೋಗ್ರಾಂ. ನಮ್ಮಲ್ಲಿ ಅದರ ಎರಡು ಆವೃತ್ತಿಗಳಿದ್ದವು. ಹಳೆಯದು ಒಮ್ಮೆ ಫ್ಲಾಪಿಯಿಂದ, ಅಂದರೆ ಮಾಹಿತಿ ತುಂಬಿಡುವ ತೆಳು ಚೌಕದಿಂದ, ಮೆಮೊರಿಗೆ ಹತ್ತಿತೆಂದರೆ ಬೆರಳು ಓಡಿದಷ್ಟೇ ವೇಗವಾಗಿ ಅಕ್ಷರ ಮೂಡುತ್ತಿತ್ತು. ಹೊಸದು ನಮ್ಮ ಬಡ ಯಂತ್ರದ ಮೆಮೊರಿಯಲ್ಲಿ ಹಿಡಿಸುತ್ತಲೇ ಇರಲಿಲ್ಲ. ಮಾತೆತ್ತಿದರೆ ಗರಗರ ಎಂದು ಮತ್ತೆ ಫ್ಲಾಪಿಗೆ ಓಡುತ್ತಿತ್ತು. ನಾನು ಒಂದು ಸಾಲು ಟೈಪು ಮಾಡಿ ಕೈಕಟ್ಟಿ ಕೂತ ಮೇಲೆ ಅಕ್ಷರಗಳು ಒಂದೊಂದಾಗಿ ದಯಮಾಡಿಸುತ್ತಿದ್ದವು. ತೆರೆಯ ಮೇಲ್ಗಡೆ ಮಾತ್ರ ಸಾಲುಸಾಲು ಮೆನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

"ಹಳೇದ ಚಲೋ ಐತ್ರಿ" ಎಂದರೆ ಮಾಲೀಕರು ನಗುತ್ತಿದ್ದರು.

"ಹೊಸ ಎತ್ತು ತಂದವ ಹಳೇದನ್ನ ಹೂಡ್ತಾನೇನಲೇ? ಹೊಸದ್ರಾಗ ಮಾಡು."

ಇಂಥ ಮನುಷ್ಯನ ಕೈಕೆಳಗೆ ದುಡಿಯಬೇಕಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ನಮ್ಮ ಕೈಯಲ್ಲಿದ್ದ ದೊಡ್ಡ ಕೆಲಸವೆಂದರೆ ಕುರುಗೋಡಿನ ಶಾಲೆಯ ಟೀಚರೊಬ್ಬರ ಎಂ.ಫಿಲ್. ಪ್ರಬಂಧ. ದಸರೆ ಕಳೆದ ನಾಲ್ಕನೇ ದಿನ ಅದನ್ನು ಒಪ್ಪಿಸಿದರೆ ಅವರು ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆರು ತಿಂಗಳು, ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು, ನನ್ನ ಪಕ್ಕ ಕೂತು, ತೆರೆ ನೋಡುತ್ತ ಒಂದೊಂದೇ ವಾಕ್ಯ ತಿದ್ದಿಸಿದ್ದರು. ಆ ತಿದ್ದುಪಡಿಗಳೆಲ್ಲ ಇದ್ದದ್ದು ಒಂದೇ ಫ್ಲಾಪಿಯಲ್ಲಿ. ಇನ್ನೊಂದು ಪ್ರತಿ ತೆಗೆದಿಡಲು ನನಗೆ ಬೇಸರ. ಹಬ್ಬ ಮುಗಿದೊಡನೆ ಪ್ರಿಂಟ್ ತೆಗೆಯುವುದೆಂದಿತ್ತು.

ಆಯುಧಪೂಜೆ ಬಂತು. ಮಾಲೀಕರು ಮಡಿಯುಟ್ಟು, ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಕೀಬೋರ್ಡಿಗೆ ಮೂರು ಬೆರಳು ಎಳೆದರು. ಆಮೇಲೆ ಹೊಸ ಆವೃತ್ತಿಯ ಫ್ಲಾಪಿಯನ್ನು ಕೈಗೆತ್ತಿಕೊಂಡರು. ಅದರ ಕರಿ ಹೊದಿಕೆಯಲ್ಲಿ ಒಳಗಿನ ಕಂದು ತಟ್ಟೆ ಕಾಣುವ ಸೀಳೊಂದಿರುತ್ತದೆ. ಬೆರಳು ಸೋಕಿದರೂ ಕೆಡುವ ಜಾಗ ಅದು. ಅವರಿಗೆ ಅದೇ ಹಣೆಯಂತೆ ಕಂಡಿರಬೇಕು, ಸರಿಯಾಗಿ ಅಲ್ಲೇ ಹಸಿ ವಿಭೂತಿ ಬಳಿದರು.

ನಾನು ಬಾಯಿ ಬಿಡಲಿಲ್ಲ. ಹಾಯೆನಿಸಿತು. ಸಾಯಲಿ ದರಿದ್ರದ್ದು, ಇನ್ನು ಮೇಲೆ ಹಳೆಯದೇ ಗತಿ ಎಂದುಕೊಂಡು, ಮಂಡಕ್ಕಿ ಪ್ರಸಾದ ತಿಂದು, ಸಿರುಗುಪ್ಪದ ನಮ್ಮ ಮನೆಗೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ನಗು.

ಹಬ್ಬ ಮುಗಿಸಿ ಬಂದು ಫ್ಲಾಪಿಗಳ ಡಬ್ಬಿ ತೆರೆದೆ. ನಾನು ಹೋದ ಮೇಲೆ ಆ ಭಕ್ತರು ಒಂದನ್ನೂ ಬಿಟ್ಟಿರಲಿಲ್ಲ. ಇದ್ದಬದ್ದ ಫ್ಲಾಪಿಗಳಿಗೆಲ್ಲ ಮೂರು ಮೂರು ಪಟ್ಟೆ. ಪೂಜೆಯ ಹೊತ್ತಿಗೆ ನನ್ನ ಮೇಜಿನ ಖಾನೆಯಲ್ಲಿದ್ದ ಹಳೆಯ ಆವೃತ್ತಿ ಮಾತ್ರ ಬಚಾವಾಗಿತ್ತು. ಪ್ರಬಂಧದ ಫ್ಲಾಪಿಯನ್ನು ಒರೆಸಿದೆ, ಊದಿದೆ, ಹತ್ತು ಸಲ ಹಾಕಿ ನೋಡಿದೆ. ಯಂತ್ರ ಅದನ್ನು ಓದಲೇ ಇಲ್ಲ.

ಟೀಚರ್ ಬಂದರು. ಫ್ಲಾಪಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಹಿಂಗ ಮಾಡಿದ್ರ ಕೆಡ್ತೈತಂತ ನಿಮಗ ಗೊತ್ತಿರಲಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು.

"ಇಲ್ರಿ ಅಕ್ಕೋರ" ಎಂದೆ.

ಮಾಲೀಕರು ನಡುವೆ ಬಂದು ಇಬ್ಬರಿಗೂ ಕೈಮುಗಿದರು. "ಅವನ್ನ ಯಾಕ ಕೇಳ್ತೀರಿ? ಅವಗ ಗೊತ್ತಿದ್ರ ನನ್ನ ತಡೀತಿದ್ದ. ತಪ್ಪು ನಂದ್ರಿ."

ನಾನು ತಲೆ ಎತ್ತಲಿಲ್ಲ. ಹಳೆಯ ಆವೃತ್ತಿಯನ್ನು ಯಂತ್ರಕ್ಕೆ ಹಾಕಿ, ಟೀಚರ ಕೈಬರಹದ ಪ್ರತಿಯ ಮೊದಲ ಪುಟದಿಂದ ಟೈಪು ಶುರು ಮಾಡಿದೆ. ಬೆರಳು ಓಡಿದಷ್ಟೇ ವೇಗವಾಗಿ ಅಕ್ಷರ ಮೂಡಿತು. ಪ್ರಬಂಧ ಒಪ್ಪಿಸಬೇಕಿದ್ದ ನಾಲ್ಕನೇ ದಿನಕ್ಕೆ ಅರ್ಧವೂ ಆಗಿರಲಿಲ್ಲ.