ನಾಲ್ಕನೆಯ ಕುರ್ಚಿಯ ಐವತ್ತೆಂಟು

ಇಂಗ್ವಿಲ್‌ಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಹದಿನೇಳನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಒಳ್ಳೆಯ ಹುಡುಗಿಯೇ. ಶಾಲೆ ಬಿಟ್ಟ ಮೇಲೆ ಅವಳೂ ಸಿಗ್ನೆಯೂ ಒಂದೇ ಲಿಫ್ಟಿನಲ್ಲಿ ಕಣಿವೆಯ ಹಿಮದ ಇಳಿಜಾರು ಹತ್ತಿ, ಒಂದೇ ದಿಬ್ಬದಿಂದ ಸ್ನೋಬೋರ್ಡ್ ಹಾರಿಸಿ, ಒಂದೇ ಡಬ್ಬಿಯಿಂದ ಕಂದು ಚೀಸ್ ಇಟ್ಟ ಬ್ರೆಡ್ಡು ತಿನ್ನುತ್ತಿದ್ದರು. ಆ ಚಳಿಗಾಲ ಇಂಗ್ವಿಲ್ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ನೆಟ್ಟಗೆ ಇಳಿದಳು. ದೇಶದ ಯಾವ ಹುಡುಗಿಯೂ ಅದನ್ನು ಮಾಡಿರಲಿಲ್ಲ. ನೋಡಿದವಳು ಸಿಗ್ನೆ ಒಬ್ಬಳೇ. ಮೂರು ವಾರ ಕಳೆದು ಸಿಗ್ನೆ ಅದನ್ನೇ ರಾಷ್ಟ್ರೀಯ ಸ್ಪರ್ಧೆಯಲ್ಲಿ, ಟೀವಿಯವರ ಮುಂದೆ ಮಾಡಿದಳು. ಮರುದಿನದ ಪತ್ರಿಕೆಯಲ್ಲಿ ಮೊದಲ ಹುಡುಗಿ ಸಿಗ್ನೆ ಎಂದೇ ಬಂತು.

"ಇಂಗ್ವಿಲ್ ಮೊದಲು ಮಾಡಿದ್ದು ಅಂತ ಹೇಳ್ದೆ ಕಣೇ, ಅವ್ರು ಬರೀಲಿಲ್ಲ," ಎಂದಳು ಸಿಗ್ನೆ.

"ಹೇಳಿರ್ತೀಯ ಬಿಡು," ಎಂದಳು ಇಂಗ್ವಿಲ್. ನಂಬಲಿಲ್ಲ.

ಅಲ್ಲಿಂದ ಮುಂದೆ ಸಿಗ್ನೆಗೆ ಬೋರ್ಡು ಕೊಡುವವರು, ವಿಮಾನದ ಟಿಕೆಟ್ ಕೊಡುವವರು, ಅವಳ ಚಿತ್ರ ಗೋಡೆಯ ಮೇಲೆ ಅಂಟಿಸಿಕೊಳ್ಳುವವರು. ಇಂಗ್ವಿಲ್ ಎಂಟು ವರ್ಷ ಸ್ಪರ್ಧಿಸಿ ನಾಲ್ಕನೆಯ, ಐದನೆಯ, ಮತ್ತೆ ನಾಲ್ಕನೆಯ ಸ್ಥಾನ ಹೊತ್ತು ತಂದಳು. ಮೊಣಕಾಲು ಎರಡು ಸಲ ಹೋಯಿತು. ಸಿಗ್ನೆಯ ಮೂಳೆಗಳೂ ಮುರಿದವು, ಆದರೆ ಆ ಪುಣ್ಯಾತ್ಗಿತ್ತಿಯ ಮೂಳೆ ಕೂಡ ಬೇಗ ಕೂಡಿಕೊಳ್ಳುತ್ತಿತ್ತು.

ಆಮೇಲೆ ಇಂಗ್ವಿಲ್ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾ, ಶನಿವಾರ ಭಾನುವಾರ ಸ್ಪರ್ಧೆಗಳಿಗೆ ತೀರ್ಪುಗಾರಳಾದಳು. ಒಂಬತ್ತು ವರ್ಷ ಯಾರೂ ಬೆರಳು ತೋರಿಸದ ಹಾಗೆ ಅಂಕ ಹಾಕಿದಳು. ಸಿಗ್ನೆ ಅವಳ ಎದುರು ಹಾರಿರಲಿಲ್ಲ, ಅದಕ್ಕೇ.

ಈ ಮಾರ್ಚಿನಲ್ಲಿ ಹಾರಿದಳು. ಮೂವತ್ತನಾಲ್ಕಾಗಿತ್ತು. ರಾಷ್ಟ್ರೀಯ ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ, ಅದು ಸಿಗಬೇಕಾದರೆ ನೂರಕ್ಕೆ ಎಂಬತ್ತು ಅಂಕ ದಾಟಬೇಕು. ಈ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಇರಲಿಲ್ಲ. ಕಟ್ಟೆಯ ಮೇಲಿನ ಮರದ ಕೋಣೆಯಲ್ಲಿ ಆರು ತೀರ್ಪುಗಾರರು ಸಾಲಾಗಿ ಕುಳಿತಿದ್ದರು, ನಾಲ್ಕನೆಯ ಕುರ್ಚಿಯಲ್ಲಿ ಇಂಗ್ವಿಲ್. ಕೆಳಗೆ ಜನ ಸಿಗ್ನೆ, ಸಿಗ್ನೆ ಎಂದು ಕೂಗುತ್ತಿದ್ದರು. ಅವಳ ಊರೇ, ಇವಳದೂ ಅದೇ ಊರು. ಇಂಗ್ವಿಲ್‌ಗೆ ಮೈಯೆಲ್ಲ ಉರಿಯಿತು. ಸಿಗ್ನೆ ಕೊನೆಯ ದಿಬ್ಬದಿಂದ ಗಾಳಿಗೆ ಏರಿದಾಗ ಇವಳು ತಲೆ ತಗ್ಗಿಸಿ ಐವತ್ತೆಂಟು ಎಂದು ಬರೆಯುತ್ತಿದ್ದಳು.

ಉಳಿದವರದು ಎಂಬತ್ತೊಂದರಿಂದ ಎಂಬತ್ತೈದರೊಳಗೆ. ಮುಖ್ಯ ತೀರ್ಪುಗಾರ ಓಡ್ವಾರ್ ಕನ್ನಡಕ ಹಣೆಗೇರಿಸಿದ.

"ಏನಮ್ಮಾ ಇದು, ಕೈತಪ್ಪಿ ಬರೆದ್ಯಾ?"

"ಇಲ್ಲ. ಕೊನೇ ಜಿಗಿತದಲ್ಲಿ ಅವಳು ಬೋರ್ಡು ಹಿಡೀಲಿಲ್ಲ. ಕೈ ಜಾರ್ತು." ಬಾಯಿಗೆ ಬಂದದ್ದನ್ನು ಹೇಳಿದ್ದಳು. ಗಾಳಿಯಲ್ಲಿರುವಾಗ ಬೋರ್ಡಿನ ಅಂಚನ್ನು ಕೈಯಲ್ಲಿ ಹಿಡಿಯದಿದ್ದರೆ ಅಂಕ ಕಳೆಯುತ್ತಾರೆ.

"ನಮಗ್ಯಾರಿಗೂ ಕಾಣ್ಲಿಲ್ಲವಲ್ಲ."

"ನನಗೆ ಕಾಣ್ತು."

ಓಡ್ವಾರ್ ಲೆಕ್ಕಕ್ಕೆ ಇಳಿದ. ಆರು ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು, ಉಳಿದ ನಾಲ್ಕರ ಸರಾಸರಿ ತೆಗೆಯುತ್ತಾರೆ. ಒಂಬತ್ತು ವರ್ಷ ಪಾಲಿಸಿದ ನಿಯಮ, ಸಿಟ್ಟಿನಲ್ಲಿ ಇಂಗ್ವಿಲ್‌ಗೆ ಅದೂ ಮರೆತುಹೋಗಿತ್ತು. ಹದಿನೇಳು ವರ್ಷದ ಹೊಟ್ಟೆಕಿಚ್ಚು ಲೆಕ್ಕಕ್ಕೇ ಬರಲಿಲ್ಲ. ಸಿಗ್ನೆಗೆ ಎಂಬತ್ತೆರಡೂವರೆ ಬಂತು.

ಯಾರು ಎಷ್ಟು ಕೊಟ್ಟರು ಎಂಬ ಹಾಳೆಯನ್ನು ಕಾಫಿ ಅಂಗಡಿಯ ಗೋಡೆಗೆ ಅಂಟಿಸಿದರು. ಅರ್ಧ ಗಂಟೆಯಲ್ಲಿ ಸಿಗ್ನೆ ಹೆಲ್ಮೆಟ್ ಹಿಡಿದುಕೊಂಡು ಬಂದಳು. ಇಂಗ್ವಿಲ್ ಅಲ್ಲೇ ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು. ನಿಜ ಹೇಳಬೇಕೆಂದರೆ ಅದಕ್ಕಾಗಿ ಕಾಯುತ್ತಿದ್ದಳು.

"ನಾಲ್ಕನೇ ಕುರ್ಚಿ ನಿಂದಲ್ವಾ?"

"ಹೌದು, ನಂದೇ. ಏನೀಗ?"

"ಕೈ ಜಾರಿತ್ತು ಕಣೇ. ಬೆರಳು ಬೋರ್ಡಿಗೆ ತಾಗಲೇ ಇಲ್ಲ." ಸಿಗ್ನೆ ಬೆಂಚಿನ ಮೇಲೆ ಕುಸಿದು ಕೂತಳು. "ಬಾಯಿ ಮುಚ್ಕೊಂಡು ಇರೋಣ ಅಂತಿದ್ದೆ. ಹಾಳೇಲಿ ನಿನ್ನ ಅಂಕ ನೋಡಿದ್ಮೇಲೆ ಆಗ್ಲಿಲ್ಲ. ಓಡ್ವಾರ್‌ಗೆ ಹೇಳಿ ಬಂದೆ. ತಿದ್ದಿದಾರೆ, ಎಪ್ಪತ್ತೊಂದು."

"ತಂಡ?"

"ಹೋಯ್ತು."

ಹದಿನೇಳು ವರ್ಷ ಬಯಸಿದ್ದು ಕೈಗೆ ಬಂದಿತ್ತು. ಇಂಗ್ವಿಲ್‌ಗೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಐದು ಜನಕ್ಕೆ ಕಾಣದ್ದು ನಿನಗೆ ಕಾಣ್ತು," ಎಂದಳು ಸಿಗ್ನೆ. "ನನ್ನನ್ನ ಸರಿಯಾಗಿ ನೋಡೋಳು ನೀನೊಬ್ಬಳೇ ಮಾರಾಯ್ತಿ."

ನಾನು ನೋಡಲೇ ಇಲ್ಲ ಎಂಬ ಮಾತು ಇಂಗ್ವಿಲ್‌ಳ ನಾಲಿಗೆಯ ತುದಿಗೆ ಬಂತು. ಆದರೆ ನಿಜ ಹೇಳುವುದರಲ್ಲೂ ಸಿಗ್ನೆ ಆಗಲೇ ಮೊದಲಿಗಳಾಗಿದ್ದಳು. ಈಗ ಹೇಳಿದರೆ ತಾನು ಎರಡನೆಯವಳು.

"ಹೂಂ," ಎಂದಳು. "ಕಾಣ್ತು."